ಅಟ್ಟಕ್ಕೆ ಮೂಟೆ ಏರಿಸುವ ಪುಲ್ಲಿಗಳ ಲೆಕ್ಕ

ಸಾಗರದ ಕಡೆ ಒಬ್ಬರ ಮನೆಗೆ ಅಡಿಕೆ ಮೂಟೆ ಅಟ್ಟಕ್ಕೆ ಏರಿಸುವ ಮಿಷನ್ ಮಾಡಿಕೊಟ್ಟೆ. ಮೂಟೆ 65 ಕೆಜಿ, ಎತ್ತರ 12 ಅಡಿ. ಇಂಥ ಕೆಲಸಕ್ಕೆ ನಾನು ಮೂಟೆಯಿಂದಲೇ ಲೆಕ್ಕ ಶುರು ಮಾಡಿ ಮೋಟಾರಿನ ಕಡೆ ಬರುತ್ತೇನೆ. ಮೇಲೆ ನಿಂತವರು ಆರಾಮಾಗಿ ಹಿಡಿದು ಎಳೆದುಕೊಳ್ಳಬೇಕಲ್ವಾ? ಸೆಕೆಂಡಿಗೆ 25 ಸೆಂ.ಮೀ. ಏರಿದರೆ ಸಾಕು.

ಕೊಕ್ಕೆಯನ್ನು ಒಂದು ತೂಗುವ ಪುಲ್ಲಿಗೆ ಹಾಕಿದೆ. ಅದರ ಅಡಿಯಿಂದ ಹಾದ ವೈರ್ ರೋಪಿನ ಒಂದು ತುದಿ ತೊಲೆಗೆ, ಇನ್ನೊಂದು ರೋಪ್ ಸುತ್ತಿಕೊಳ್ಳುವ ಡ್ರಮ್ಮಿಗೆ. ಹೀಗೆ ಮಾಡಿದರೆ ರೋಪಿನ ಮೇಲೆ ಅರ್ಧ ಭಾರ. ಆದರೆ ಮೂಟೆ ಒಂದಡಿ ಏರಲು ಎರಡಡಿ ರೋಪ್ ಸುತ್ತಬೇಕು, ಅಂದರೆ ಸೆಕೆಂಡಿಗೆ 50 ಸೆಂ.ಮೀ. ಡ್ರಮ್ಮಿನ ವ್ಯಾಸ 4 ಇಂಚು, ರೋಪ್ 6 ಮಿ.ಮೀ. ದಪ್ಪ. ಒಂದು ಸುತ್ತಿಗೆ ಹತ್ತಿರ ಹತ್ತಿರ 34 ಸೆಂ.ಮೀ. ರೋಪ್ ಬರುತ್ತದೆ. ಡ್ರಮ್ ನಿಮಿಷಕ್ಕೆ 90 ಸುತ್ತು ತಿರುಗಬೇಕು. ಅರ್ಧ ಎಚ್‌ಪಿ ಮೋಟಾರಿನ ಪ್ಲೇಟಿನ ಮೇಲೆ ಇರುವುದು 1440. 16 ಪಟ್ಟು ಇಳಿಸಬೇಕಾಯಿತು.

"ಒಂದೇ ದೊಡ್ಡ ಪುಲ್ಲಿ ಹಾಕಿ ಮುಗಿಸಪ್ಪಾ" ಅಂದರು ಯಜಮಾನರು.

"ಮೋಟಾರಿಗೆ 3 ಇಂಚು ಹಾಕಿದ್ರೂ ಎದುರಿಗೆ 48 ಇಂಚು ಬೇಕು. ನಾಲ್ಕಡಿ ಚಕ್ರ ಎಲ್ಲಿಡೋದು ಯಜಮಾನ್ರೇ?"

ಹಾಗಾಗಿ ನಡುವೆ ಇನ್ನೊಂದು ಶಾಫ್ಟ್. ಮೋಟಾರಿನ 3 ಇಂಚಿನಿಂದ 12 ಇಂಚಿಗೆ ಬೆಲ್ಟ್. ಒಂದು ಬೆಲ್ಟಿನಲ್ಲಿರುವ ಎರಡೂ ಪುಲ್ಲಿಗಳ ಅಂಚಿನ ವೇಗ ಒಂದೇ, ಆದ್ದರಿಂದ ದೊಡ್ಡದು 360 ಸುತ್ತು ಮಾತ್ರ. ಅದೇ ಶಾಫ್ಟಿನ ಮೇಲಿರುವ 3 ಇಂಚಿನ ಪುಲ್ಲಿಯೂ 360. ಅಲ್ಲಿಂದ ಮತ್ತೆ ಡ್ರಮ್ಮಿನ ಶಾಫ್ಟಿನ 12 ಇಂಚಿಗೆ ಹೋದರೆ 90. ಭಾರ ಬಿದ್ದಾಗ ಬೆಲ್ಟ್ ಜಾರಿ ಇನ್ನೊಂಚೂರು ಕಡಿಮೆಯಾಗುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಎರಡನೇ ಬೆಲ್ಟಿಗೆ. ಮೊದಲನೆಯದು ಸೆಕೆಂಡಿಗೆ 5.7 ಮೀಟರ್ ಓಡುತ್ತದೆ, ಎರಡನೆಯದು 1.4 ಮೀಟರ್. ಸಾಗಿಸುವ ಶಕ್ತಿ ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ. ವೇಗ ಕಾಲು ಭಾಗಕ್ಕಿಳಿದರೆ ಎಳೆತ ನಾಲ್ಕು ಪಟ್ಟಾಗಬೇಕು. ಅದಕ್ಕೇ ಮೊದಲ ಹಂತಕ್ಕೆ 'ಎ' ಅಳತೆಯ ಒಂದೇ ವಿ-ಬೆಲ್ಟ್, ಎರಡನೆಯದಕ್ಕೆ ಜೋಡಿ ಗ್ರೂವಿನ ಪುಲ್ಲಿ, ಒಂದೇ ಅಳತೆಯ ಎರಡು ಬೆಲ್ಟು. ಒಂದು ಹಳೇದು ಒಂದು ಹೊಸದು ಹಾಕಬೇಡಿ, ಭಾರವೆಲ್ಲ ಬಿಗಿಯಾಗಿರೋದರ ಮೇಲೇ ಬೀಳುತ್ತದೆ.

ಡ್ರಮ್ಮಿನ ಉದ್ದ 7 ಇಂಚು ಇಟ್ಟೆ. 24 ಅಡಿ ರೋಪಿಗೆ 22 ಸುತ್ತು, ಬಿಚ್ಚದೆ ಉಳಿಯಬೇಕಾದ್ದು ಮೂರು. ಎಲ್ಲ ಒಂದೇ ಪದರದಲ್ಲಿ ಕೂರುತ್ತದೆ. ಡ್ರಮ್ ಗಿಡ್ಡವಾಗಿ ರೋಪ್ ಎರಡನೇ ಪದರಕ್ಕೆ ಹತ್ತಿದರೆ ಸುತ್ತಿನ ಅಳತೆ ಹೆಚ್ಚಿ, ಮೂಟೆ ಮೇಲೆ ಮುಟ್ಟುವ ಹೊತ್ತಿಗೇ ವೇಗ ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ.

ಬ್ರೇಕ್ ಡ್ರಮ್ಮಿನ ಶಾಫ್ಟಿಗೇ ಇರಬೇಕು. ಮೋಟಾರಿಗೆ ಹಾಕುವುದು ಸುಲಭ, ಬಲವೂ ಕಡಿಮೆ ಸಾಕು, ಆದರೆ ಬೆಲ್ಟ್ ಕಳಚಿದ ದಿನ ಮೂಟೆ ಹಿಡಿಯುವವರು ಯಾರು? ಸ್ವಿಚ್ ಆಫ್ ಮಾಡಿದ ಮೇಲೂ ಬೀಡು ಕಬ್ಬಿಣದ ಭಾರದ ಪುಲ್ಲಿಗಳು ತಕ್ಷಣ ನಿಲ್ಲುವುದಿಲ್ಲ. ಮೂಟೆ ಇದ್ದರೆ ಸ್ವಲ್ಪ ಏರಿ ನಿಲ್ಲುತ್ತದೆ, ಖಾಲಿ ಕೊಕ್ಕೆಯಾದರೆ ಇನ್ನೂ ದೂರ ಹೋಗುತ್ತದೆ. ಹಾಗಾಗಿ ಖಾಲಿ ಕೊಕ್ಕೆ ಓಡಿಸಿ ನೋಡಿಯೇ ಕೊಕ್ಕೆ ಮೇಲೆ ಮುಟ್ಟಿದಾಗ ಮೋಟಾರನ್ನು ತಾನೇ ಆಫ್ ಮಾಡುವ ಲಿಮಿಟ್ ಸ್ವಿಚ್ಚಿನ ಜಾಗ ಗುರುತು ಮಾಡಿದೆ.