ಅಂಡಮಾನ್‌ನಲ್ಲಿ ಫೋಟೊ ತೆಗೆಯಬೇಕೇ? ಟಿಕೆಟ್‌ಗಿಂತ ಮೊದಲು ತಿಥಿ ನೋಡಿ

ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಸ್ವರಾಜ್ ದ್ವೀಪದಿಂದ ಬೆಳಿಗ್ಗೆ ಆರೂಕಾಲಿಗೆ ಫೋನ್ ಮಾಡಿದ. "ಅಣ್ಣಾ, ಇಲ್ಲಿ ಸೂರ್ಯ ಸಮುದ್ರದಿಂದ ಬರ್ತಾನೇ ಇಲ್ಲ. ಹಿಂದೆ ಕಾಡಿನ ಕಡೆಯಿಂದ ಬಂದುಬಿಟ್ಟಿದಾನೆ!" ಅವನು ನಿಂತಿದ್ದದ್ದು ರಾಧಾನಗರ ಕಡಲತೀರದಲ್ಲಿ. ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಹೊಸ ಕ್ಯಾಮೆರಾ, ಹೊಸ ಟ್ರೈಪಾಡ್, ಎರಡು ತಿಂಗಳು ಯೂಟ್ಯೂಬ್ ಪಾಠ ಎಲ್ಲ ಆಗಿತ್ತು. ನಕ್ಷೆ ಮಾತ್ರ ನೋಡಿರಲಿಲ್ಲ.

ಇಂಥವರು ಇವನೊಬ್ಬನೇ ಅಲ್ಲ. ಅಂಡಮಾನ್‌ಗೆ ಹೋಗಿ ಬಂದವರ ಫೋಟೊ ನೋಡಿದರೆ ಹತ್ತರಲ್ಲಿ ಎಂಟು ಜನರದ್ದು ಬೂದು ಮರಳು, ಮಂಕು ನೀರು, ಕಪ್ಪು ಮುಖ. ತಪ್ಪು ಕ್ಯಾಮೆರಾದ್ದಲ್ಲ. ಮನೆಯಲ್ಲಿ ಕೂತು ಒಂದು ಗಂಟೆ ಲೆಕ್ಕ ಹಾಕಿದ್ದರೆ ಸಾಕಿತ್ತು. ಆ ಲೆಕ್ಕ ಹೇಗೆ ಅಂತ ಹೇಳುತ್ತೇನೆ.

ಹಂತ 1: ತಿಂಗಳು

ಜನವರಿಯಿಂದ ಏಪ್ರಿಲ್. ಮುಗೀತು. ಮೇ ತಿಂಗಳಿಂದ ಮಳೆ, ಅದು ಹೋಗುವಷ್ಟರಲ್ಲಿ ಹಿಂಗಾರು ಮಳೆ. ಮಳೆಗಾಲದಲ್ಲಿ ರಿಯಾಯಿತಿ ಪ್ಯಾಕೇಜ್ ಅಂತ ಯಾರಾದರೂ ಕರೆದರೆ ಸುಮ್ನೆ ನಕ್ಕು ಬಿಡಿ. ಕಡಲು ಕೆಟ್ಟರೆ ಫೆರಿಯೇ ರದ್ದಾಗುತ್ತದೆ.

ಹಂತ 2: ಯಾವ ತೀರ ಯಾವ ಕಡೆಗೆ

ಒಂದು ಹಾಳೆ ತೆಗೆದುಕೊಂಡು ದ್ವೀಪದ ಆಕಾರ ಬರೆಯಿರಿ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು, ನೀಲ್‌ಗೆ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಆನ್‌ಲೈನ್‌ನಲ್ಲಿ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.

ಸ್ವರಾಜ್ ದ್ವೀಪದಲ್ಲಿ ರಾಧಾನಗರ ಪಶ್ಚಿಮಕ್ಕೆ, ಅಂದರೆ ಸೂರ್ಯಾಸ್ತಕ್ಕೆ. ಕಾಲಾಪತ್ಥರ್ ಮತ್ತು ವಿಜಯನಗರ ಪೂರ್ವಕ್ಕೆ. ಹೌದು, ಅಲ್ಲೂ ಒಂದು ವಿಜಯನಗರ ಇದೆ. ಶಹೀದ್ ದ್ವೀಪದಲ್ಲಿ ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ. ಇಷ್ಟು ಗೊತ್ತಿದ್ದರೆ ನನ್ನ ತಮ್ಮನಂತೆ ಕಾಡಿನ ಕಡೆ ತಿರುಗಿ ನಿಲ್ಲುವ ಗತಿ ಬರುವುದಿಲ್ಲ.

ಹಂತ 3: ಸೂರ್ಯನ ಗಡಿಯಾರ

ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಬೆಂಗಳೂರಿಗೆ ಹೋಲಿಸಿದರೆ ಅಲ್ಲಿ ಎಲ್ಲವೂ ಸುಮಾರು ಒಂದು ಗಂಟೆ ಮುಂಚೆ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು 5.45ರ ಆಸುಪಾಸು. ಏಪ್ರಿಲ್ ಕೊನೆಗೆ ಐದು ಗಂಟೆಗೇ ಹುಟ್ಟಿರುತ್ತಾನೆ. ಮುಳುಗುವುದು ಸಂಜೆ 5.05ರಿಂದ 5.35ರ ನಡುವೆ. "ಊಟ ಮಾಡಿ, ಸ್ವಲ್ಪ ಮಲಗಿ, ಕಾಫಿ ಕುಡಿದು ಐದೂವರೆಗೆ ಬೀಚಿಗೆ ಹೋಗೋಣ" ಅಂದುಕೊಂಡವರಿಗೆ ಸಿಗುವುದು ಕತ್ತಲೆ. ನಾಲ್ಕಕ್ಕೇ ಅಲ್ಲಿರಿ.

ಇನ್ನೊಂದು ಮಾತು. ಫೋಟೊ ಪಾಠ ಹೇಳುವವರೆಲ್ಲ ಬೆಳಗ್ಗೆ, ಸಂಜೆ ಬಿಟ್ಟು ಬೇರೆ ಹೊತ್ತಲ್ಲಿ ಕ್ಯಾಮೆರಾ ಮುಟ್ಟಬೇಡಿ ಅನ್ನುತ್ತಾರೆ. ಇಂಥ ದ್ವೀಪಕ್ಕೆ ಅದು ಅರ್ಧ ಸತ್ಯ. ಆ ಹಸಿರು ಬೆರೆತ ನೀಲಿ ನೀರಿನ ಬಣ್ಣಕ್ಕೇ ಅಲ್ವಾ ನೀವು ಅಷ್ಟು ದೂರ ಹೋಗುವುದು? ಅದು ಕಾಣಬೇಕಾದರೆ ಬಿಸಿಲು ಮೇಲಿಂದ ನೇರ ನೀರೊಳಗೆ ಇಳಿದು, ತಳದ ಬಿಳಿ ಮರಳಿಗೆ ತಾಗಿ ವಾಪಸ್ ಬರಬೇಕು. ಓರೆ ಬಿಸಿಲಿನಲ್ಲಿ ನೀರು ಬರೀ ಆಕಾಶವನ್ನು ತೋರಿಸುತ್ತದೆ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, 11.15ರಿಂದ 11.35ರೊಳಗೆ. ಆದ್ದರಿಂದ ನೀರಿನ ಬಣ್ಣಕ್ಕೆ ಹತ್ತರಿಂದ ಹನ್ನೆರಡೂವರೆ.

ಹಂತ 4: ಸಮುದ್ರದ ಗಡಿಯಾರ

ಎಲ್ಲರೂ ಎಡವುವುದು ಇಲ್ಲೇ. ಸೂರ್ಯನ ಸಮಯ ಮೊಬೈಲಿನಲ್ಲಿ ಸಿಗುತ್ತದೆ. ಸಮುದ್ರ ಆ ಹೊತ್ತಿಗೆ ಎಲ್ಲಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ವಿಜಯನಗರ ತೀರದಲ್ಲಿ ನೀರಿನ ಮೇಲೆ ಬಾಗಿ ನಿಂತ ದೊಡ್ಡ ಮರಗಳ ಫೋಟೊ ನೋಡಿ ಆಸೆಪಟ್ಟು ಹೋಗುತ್ತಾರೆ. ಅಲ್ಲಿ ಮರ ಇರುತ್ತದೆ. ನೀರು ಎಲ್ಲೋ ದೂರ ಹೋಗಿ, ಮಧ್ಯೆ ಕಲ್ಲು ಮತ್ತು ಸತ್ತ ಹವಳದ ಚೂರು ಬಿದ್ದಿರುತ್ತವೆ. ಶಹೀದ್ ದ್ವೀಪದ ಕಲ್ಲಿನ ಸೇತುವೆಗೆ (ಯಾರೂ ಕಟ್ಟಿದ್ದಲ್ಲ, ತಾನಾಗಿಯೇ ಆದ ಬಂಡೆಯ ಕಮಾನು) ಹೋದವರದ್ದು ಇದರ ತಿರುಗಾಮುರುಗಾ: ಉಬ್ಬರದ ಹೊತ್ತಿಗೆ ಹೋಗಿ, ಮುಂದೆ ಕಾಲಿಡಲು ಜಾಗವಿಲ್ಲದೆ ದೂರದಿಂದಲೇ ಕೈಬೀಸಿ ಬರುತ್ತಾರೆ.

ಲೆಕ್ಕ ಕಷ್ಟವಿಲ್ಲ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಎಲ್ಲವೂ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತಾ ಇರುತ್ತದೆ. ಒಂದು ವಾರಕ್ಕೆ ಹೆಚ್ಚು ಕಡಿಮೆ ಆರು ಗಂಟೆ ಆಯಿತಲ್ಲ? ಅಂದರೆ ಈ ಭಾನುವಾರ ಸಂಜೆ ಐದಕ್ಕೆ ಪೂರ್ತಿ ಇಳಿತವಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಹತ್ತಿರ ಹತ್ತಿರ ಪೂರ್ತಿ ಉಬ್ಬರ. ಗೆಳೆಯರೊಬ್ಬರು "ನಾವು ಹೋದಾಗ ಬೆಳಿಗ್ಗೆ ಸೂಪರ್ ಆಗಿತ್ತು" ಅಂದರೆ, ಅವರು ಹೋದ ತಾರೀಕು ಕೇಳದೆ ನಂಬಬೇಡಿ.

ಎಷ್ಟು ಏರುತ್ತದೆ ಅನ್ನುವುದು ತಿಥಿಯ ಮೇಲೆ. ಮನೆಯ ಗೋಡೆಯ ಕ್ಯಾಲೆಂಡರ್ ಈಗ ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವು ಕಳೆದ ಒಂದೆರಡು ದಿನ ಏರಿಳಿತ ಜಾಸ್ತಿ. ಅಷ್ಟಮಿಯ ಆಸುಪಾಸು ಕಡಿಮೆ. ಅಂಡಮಾನ್‌ನಲ್ಲಿ ದೊಡ್ಡ ಏರಿಳಿತ ಅಂದರೆ ಸುಮಾರು ಎರಡು ಮೀಟರ್. ಎರಡು ಮೀಟರ್ ಅಷ್ಟೇನಾ ಅನ್ನಬೇಡಿ. ತೀರ ಸಮತಟ್ಟಾಗಿದ್ದರೆ ನೀರು ಕಣ್ಣಿಗೆ ಸಣ್ಣಗೆ ಕಾಣುವಷ್ಟು ದೂರ ಹೋಗಿಬಿಡುತ್ತದೆ.

ಈಗ ಎರಡು ಗಡಿಯಾರಗಳನ್ನೂ ಪಕ್ಕಪಕ್ಕ ಇಡಿ. ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ನಡುವೆ ಹನ್ನೆರಡು ಗಂಟೆಯ ಹತ್ತಿರ. ಇಳಿತದಿಂದ ಇಳಿತಕ್ಕೂ ಅಷ್ಟೇ. ಆದ್ದರಿಂದ ಸಂಜೆ ಇಳಿತವಿದ್ದ ದಿನ ಬೆಳಿಗ್ಗೆಯೂ ಇಳಿತವೇ, ಮಧ್ಯಾಹ್ನದ ಹತ್ತಿರ ಉಬ್ಬರ. ಸಂಜೆ ಉಬ್ಬರವಿದ್ದರೆ ಬೆಳಿಗ್ಗೆಯೂ ಉಬ್ಬರ, ಮಧ್ಯಾಹ್ನ ಇಳಿತ. ಇಷ್ಟು ಅರ್ಥವಾದರೆ ಪ್ರವಾಸದ ಪಟ್ಟಿ ತಾನಾಗಿಯೇ ಬರೆದುಕೊಳ್ಳುತ್ತದೆ.

ಮೊದಲನೇ ಬಗೆಯ ದಿನ ಸ್ವರಾಜ್ ದ್ವೀಪದಲ್ಲಿರಿ. ಹತ್ತೂಮುಕ್ಕಾಲಿಗೆ ವಿಜಯನಗರದಲ್ಲಿ ನೀರು ಮರದ ಬುಡಕ್ಕೆ ಬಂದಿರುತ್ತದೆ, ಬಿಸಿಲೂ ನೆತ್ತಿ ಹತ್ತಿರ, ಬಣ್ಣವೋ ಬಣ್ಣ. ಸಂಜೆ ರಾಧಾನಗರದಲ್ಲಿ ನೀರು ಹಿಂದೆ ಸರಿದು, ಒದ್ದೆ ಮರಳು ಕನ್ನಡಿಯಾಗಿರುತ್ತದೆ. ಇಡೀ ಸೂರ್ಯಾಸ್ತ ನೆಲದ ಮೇಲೆ ಇನ್ನೊಂದು ಸಲ ಕಾಣುತ್ತದೆ. ಎರಡನೇ ಬಗೆಯ ದಿನ ಶಹೀದ್ ದ್ವೀಪ. ಮಧ್ಯಾಹ್ನದ ಇಳಿತಕ್ಕೆ ಒಂದು ಗಂಟೆ ಮುಂಚೆ ಲಕ್ಷ್ಮಣಪುರದ ಎರಡನೇ ತೀರಕ್ಕೆ ಹೋಗಿ, ನೀರು ಇಳಿಯುತ್ತಿರುವಾಗಲೇ ಕಲ್ಲಿನ ಸೇತುವೆಯ ಕಡೆ ನಡೆಯಿರಿ. ನೀರು ಏರತೊಡಗಿದ ಮೇಲೆ ಅಲ್ಲಿ ಇರಬೇಡಿ. ಜಾರದ ಅಡಿಯ ಚಪ್ಪಲಿ ಹಾಕಿ, ಹವಳದ ಮೇಲೆ ಕಾಲಿಡಬೇಡಿ.

ನೀವು ಹೋಗುವ ತಾರೀಕಿನ ಏರಿಳಿತದ ಸಮಯ ಹೈದರಾಬಾದಿನಲ್ಲಿರುವ ಸರ್ಕಾರಿ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ (INCOIS) ಜಾಲತಾಣದಲ್ಲಿದೆ. ಪೋರ್ಟ್ ಬ್ಲೇರ್‌ನ ಪಟ್ಟಿ ಹಿಡಿದರೆ ಫೋಟೊಗೆ ಸಾಕು. ಒಂದೇ ಜಾಗದಲ್ಲಿ ಹುಣ್ಣಿಮೆಯ ಇಳಿತದ ಹೊತ್ತು ಪ್ರತಿ ತಿಂಗಳೂ ಹೆಚ್ಚು ಕಡಿಮೆ ಒಂದೇ ಇರುವುದರಿಂದ, ಒಂದು ತಿಂಗಳ ಪಟ್ಟಿ ನೋಡಿದರೆ ಮುಂದಿನ ತಿಂಗಳ ಅಂದಾಜೂ ಸಿಗುತ್ತದೆ.

ನನ್ನನ್ನು ಕೇಳಿದರೆ ಅಮಾವಾಸ್ಯೆಯ ಸುತ್ತ ಹೋಗಿ. ಶುಭ ಅಶುಭ ಆಮೇಲೆ ನೋಡೋಣ. ಚಂದ್ರ ಇಲ್ಲದಿದ್ದರೆ ಫೆಬ್ರವರಿ, ಮಾರ್ಚ್‌ನ ಮುಂಜಾವಿಗೆ ಮುಂಚೆ ಆಕಾಶಗಂಗೆ ಕಾಣುತ್ತದೆ. ಅದೃಷ್ಟವಿದ್ದರೆ ರಾತ್ರಿ ಅಲೆಯಲ್ಲಿ ಮಿನುಗುವ ನೀಲಿ ಬೆಳಕೂ ಸಿಕ್ಕೀತು.

ಹಂತ 5: ಈಗ ಟಿಕೆಟ್

ತಿಥಿ ನೋಡಿದ ಮೇಲೆ ವಿಮಾನ, ಆಮೇಲೆ ಫೆರಿ. ದ್ವೀಪ ಬದಲಿಸುವ ದಿನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ ಇಡಿ. ಒಂದೊಂದು ದ್ವೀಪದಲ್ಲಿ ಕನಿಷ್ಠ ಎರಡು ರಾತ್ರಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಪ್ಯಾಕೇಜ್ ತೆಗೆದುಕೊಂಡರೆ ಸೂರ್ಯೋದಯ, ಸೂರ್ಯಾಸ್ತ ಎರಡೂ ಇಲ್ಲ. ವಾಪಸ್ ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಿ, ಫೆರಿ ಕೈಕೊಟ್ಟರೆ ಗತಿ ಬೇಕಲ್ಲ. ಖಾಸಗಿ ಫೆರಿಗಳು ಹೆಚ್ಚಿನವು ಎ.ಸಿ. ಡಬ್ಬಿಗಳು, ಕಿಟಕಿ ಗಾಜಿಗೆ ಉಪ್ಪು ಹಿಡಿದಿರುತ್ತದೆ. ಒಂದು ಸಲವಾದರೂ ಸರ್ಕಾರಿ ದೋಣಿಯಲ್ಲಿ ಹೋಗಿ, ಡೆಕ್ ಮೇಲೆ ನಿಲ್ಲಬಹುದು.

ಹಂತ 6: ಬ್ಯಾಗು

ಒಂದು ಕ್ಯಾಮೆರಾ, ಒಂದು ಜೂಮ್ ಲೆನ್ಸ್. ಮೂರು ಲೆನ್ಸ್ ಒಯ್ದರೆ ಮರಳಿನ ಗಾಳಿಯಲ್ಲಿ ಬದಲಿಸಲು ಹೋಗಿ ಸೆನ್ಸರ್ ಮೇಲೆ ಕಡಲತೀರವನ್ನೇ ಹೊತ್ತು ತರುತ್ತೀರಿ. ಮೊಬೈಲ್ ಮಾತ್ರ ಇದ್ದರೂ ಬೇಸರ ಬೇಡ. ಮೇಲಿನ ಲೆಕ್ಕ ಅದಕ್ಕೂ ಅಷ್ಟೇ ಅನ್ವಯ.

ಖರ್ಚು ಮಾಡುವುದಾದರೆ ಒಂದು ಒಳ್ಳೆಯ ಪೋಲರೈಸರ್ ಫಿಲ್ಟರ್‌ಗೆ ಮಾಡಿ. ಅದು ನೀರಿನ ಮೇಲಿನ ಹೊಳಪು ಕಳೆದು ತಳ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಸರಿ ಮಾಡಲು ಆಗದ ಕೆಲಸ ಇದು. ಹಾಕಿದರೆ ಸಾಲದು, ನೋಡುತ್ತಾ ತಿರುಗಿಸಬೇಕು. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಆಕಾಶ ಚೆನ್ನಾಗಿ ಗಾಢವಾಗುತ್ತದೆ. ಸೂರ್ಯಾಸ್ತಕ್ಕೆ ಬಿಚ್ಚಿಡಿ. ಹತ್ತು ಫಿಲ್ಟರ್ ಒಟ್ಟಿಗೆ ಕೊಡುವ ಅಗ್ಗದ ಸೆಟ್ ಬೇಡವೇ ಬೇಡ, ಬಿಳಿ ಮರಳಿಗೆ ಅರಿಸಿನ ಬಳಿದ ಹಾಗೆ ಬರುತ್ತದೆ. ಮೊಬೈಲ್‌ಗೆ ಒಂದು ಅಡ್ಡದಾರಿ: ನಿಮ್ಮ ತಂಪು ಕನ್ನಡಕ ಪೋಲರೈಸ್ಡ್ ಆಗಿದ್ದರೆ ಅದರ ಗಾಜನ್ನೇ ಲೆನ್ಸ್ ಮುಂದೆ ಹಿಡಿದು ತಿರುಗಿಸಿ. ಬಣ್ಣ ಸ್ವಲ್ಪ ಬದಲಾಗುತ್ತದೆ, ಆದರೂ ಕೆಲಸ ಆಗುತ್ತದೆ.

ಕೊರಳಿಗೆ ನೇತುಹಾಕುವ ಪ್ಲಾಸ್ಟಿಕ್ ಪೌಚ್ ಅನ್ನು ನಂಬಿ ಮೊಬೈಲ್ ನೀರಿಗೆ ಇಳಿಸುವ ಮುಂಚೆ, ಅದರೊಳಗೆ ಟಿಶ್ಯೂ ಪೇಪರ್ ಹಾಕಿ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿಡಿ. ನಾನು ಕೊಂಡ ಮೂರರಲ್ಲಿ ಎರಡು ಒದ್ದೆ. ನೀರೊಳಗೆ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ವಾಲ್ಯೂಮ್ ಬಟನ್ನಿನಿಂದ ಕ್ಲಿಕ್ ಮಾಡುವ ಹಾಗೆ ಮೊದಲೇ ಹೊಂದಿಸಿ. ಡ್ರೋನ್ ಮನೆಯಲ್ಲೇ ಬಿಡಿ. ಅಲ್ಲಿ ರಕ್ಷಣಾ ಪಡೆಗಳ ನೆಲೆಗಳಿವೆ, ಅನುಮತಿಯ ಓಡಾಟದಲ್ಲೇ ರಜೆ ಮುಗಿಯುತ್ತದೆ.

ಹಂತ 7: ಎ.ಸಿ. ಕೋಣೆಯಿಂದ ಹೊರಗೆ

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ತಣ್ಣನೆ ಕೋಣೆಯಿಂದ ಕ್ಯಾಮೆರಾ ತೆಗೆದುಕೊಂಡು ಓಡುತ್ತೀರಿ. ತೀರದ ಬೆಚ್ಚನೆಯ ತೇವದ ಗಾಳಿ ತಣ್ಣನೆ ಗಾಜಿಗೆ ತಾಗಿದ ಕೂಡಲೇ ಮಂಜು. ಒರೆಸಿದರೆ ಮತ್ತೆ ಮಂಜು. ಅಷ್ಟರಲ್ಲಿ ಸೂರ್ಯ ಮೇಲೆ. ಇದಕ್ಕೆ ಮದ್ದು ಸುಲಭ: ರಾತ್ರಿಯೇ ಕ್ಯಾಮೆರಾವನ್ನು ಜಿಪ್ ಹಾಕಿದ ಬ್ಯಾಗಿನಲ್ಲಿಟ್ಟು, ಎ.ಸಿ. ತಾಗದ ಬಚ್ಚಲ ಮನೆಯ ಒಣ ಮೂಲೆಯಲ್ಲಿ ಇಡಿ. ಮರೆತರೆ ಹೊರಗೆ ಬಂದ ಮೇಲೆ ಅರ್ಧ ಗಂಟೆ ಬ್ಯಾಗ್ ತೆರೆಯಬೇಡಿ.

ಹಂತ 8: ಕ್ಲಿಕ್

ಬಿಳಿ ಮರಳು ಕಂಡರೆ ಕ್ಯಾಮೆರಾ ಹೆದರಿ ಚಿತ್ರವನ್ನು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರದ ಬೆಳಕನ್ನು, +0.7 ಅಥವಾ +1ಕ್ಕೆ ಏರಿಸಿ. ಮೊಬೈಲ್ ಆದರೆ ಮರಳಿನ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಮಧ್ಯಾಹ್ನ ಮನೆಯವರ ಫೋಟೊ ತೆಗೆಯುವಾಗ ಅವರನ್ನು ಬಿಸಿಲಿಗೆ ನಿಲ್ಲಿಸಬೇಡಿ. ಮರದ ನೆರಳಿನ ಅಂಚಿಗೆ ಕರೆದು ನಿಲ್ಲಿಸಿ. ಎದುರಿನ ಬಿಳಿ ಮರಳೇ ಕೆಳಗಿನಿಂದ ಮುಖಕ್ಕೆ ಬೆಳಕು ಎರಚುತ್ತದೆ.

ಬಾರಾಟಾಂಗ್ ದ್ವೀಪದ ಕಡೆ ಹೋಗುವ ದಾರಿ ಜಾರವಾ ಬುಡಕಟ್ಟು ಜನರ ಮೀಸಲು ಪ್ರದೇಶದೊಳಗೆ ಹೋಗುತ್ತದೆ. ಅಲ್ಲಿ ಅವರ ಫೋಟೊ, ವಿಡಿಯೊ ತೆಗೆಯುವುದು ಅಪರಾಧ, ಜೈಲು ಶಿಕ್ಷೆ ಇದೆ. ಕ್ಯಾಮೆರಾ ಬ್ಯಾಗಿನೊಳಗೇ ಇರಲಿ, ಮೊಬೈಲ್ ಕೂಡ. ಹವಳದ ಚೂರನ್ನು ಫೋಟೊಗೆಂದು ಕೈಯಲ್ಲಿ ಹಿಡಿದು, ಹಾಗೇ ಜೇಬಿಗೆ ಹಾಕಿಕೊಳ್ಳುವುದೂ ಬೇಡ. ಸತ್ತದ್ದಾದರೂ ಒಯ್ಯುವಂತಿಲ್ಲ. ಮೊಸಳೆಯ ಎಚ್ಚರಿಕೆ ಫಲಕವಿದ್ದಲ್ಲಿ ಅದರ ಜೊತೆ ಸೆಲ್ಫಿ ತೆಗೆದುಕೊಂಡು ನೀರಿಗೆ ಇಳಿಯುವವರನ್ನು ನೋಡಿದ್ದೇನೆ. ಫಲಕ ತಮಾಷೆಗೆ ಹಾಕಿದ್ದಲ್ಲ.

ಹಂತ 9: ಪ್ರತಿ ರಾತ್ರಿ

ಲೆನ್ಸ್ ಮೇಲೆ ಉಪ್ಪು ಒಣಗಿರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ತುಸು ಒದ್ದೆ ಮಾಡಿದ ಮೆತ್ತನೆ ಬಟ್ಟೆ, ಆಮೇಲೆ ಒಣ ಬಟ್ಟೆ. ಟ್ರೈಪಾಡಿನ ಕಾಲುಗಳನ್ನು ನಲ್ಲಿ ಕೆಳಗೆ ತೊಳೆಯಿರಿ. ಫೋಟೊಗಳನ್ನು ಎರಡು ಕಡೆ ಕಾಪಿ ಮಾಡಿ, ಒಂದನ್ನು ಬೇರೆ ಬ್ಯಾಗಿನಲ್ಲಿಡಿ. ದ್ವೀಪದ ನೆಟ್‌ವರ್ಕ್ ನಂಬಿ ಕ್ಲೌಡ್‌ಗೆ ಏರಿಸುತ್ತೇನೆ ಅಂತ ಕೂತರೆ ನಾಲ್ಕೂವರೆಗೆ ಏಳಲು ಆಗುವುದಿಲ್ಲ.