ಬೆರಳು ತೆಗೆದ ಕಾಲು: ಡ್ರೆಸ್ಸಿಂಗ್ ರೂಮಿನಿಂದ ನನ್ನ ಅನುಭವ

ಶುಗರ್ ಇರುವವರ ಕಾಲ್ಬೆರಳು ತೆಗೆದ ಮೇಲೆ ಮನೆಯವರು ಮೊದಲು ಕೇಳುವುದು, "ಸಿಸ್ಟರ್, ಯಾವ ಮುಲಾಮು ಹಚ್ಚಬೇಕು?" ಅಂತ. ಬಹಳ ವರ್ಷ ಡ್ರೆಸ್ಸಿಂಗ್ ಮಾಡಿದ ಮೇಲೆ ನನ್ನ ಉತ್ತರ ಒಂದೇ: ಮುಲಾಮು ಆಮೇಲೆ, ಮೊದಲು ಆ ಕಾಲಿನ ಮೇಲೆ ಭಾರ ಬೀಳಬಾರದು.

ಗಾಯ ಬಿಚ್ಚುವ ಮುಂಚೆಯೇ ನಾನು ಪಾದದ ನಾಡಿ ಹುಡುಕುತ್ತೇನೆ. ಸಿಗದಿದ್ದರೆ ಡಾಕ್ಟರಿಗೆ ಹೇಳಿ ಡಾಪ್ಲರ್ (ಕಾಲಿನಲ್ಲಿ ರಕ್ತ ಹರಿಯುವುದನ್ನು ಶಬ್ದತರಂಗದಿಂದ ನೋಡುವ ಪರೀಕ್ಷೆ) ಮಾಡಿಸುತ್ತೇನೆ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. 1.4 ದಾಟಿದರೂ ಖುಷಿಪಡುವ ಹಾಗಿಲ್ಲ. ರಕ್ತನಾಳದಲ್ಲಿ ಸುಣ್ಣದ ಅಂಶ ಕೂತು ಗಟ್ಟಿಯಾಗಿರುತ್ತದೆ, ಬಿಪಿ ಪಟ್ಟಿಗೆ ಅದು ಬಗ್ಗುವುದಿಲ್ಲ, ಅದಕ್ಕೇ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಆಗ ಉಳಿದ ಕಾಲ್ಬೆರಳಿನ ಬಿಪಿ ನೋಡಬೇಕು. ಅದು 30 mmHgಗಿಂತ ಕೆಳಗಿದ್ದರೆ ರಕ್ತನಾಳದ ಸರ್ಜನ್ ಹತ್ತಿರ ಬೇಗ ಹೋಗಬೇಕು. ಸುಮ್ನೆ ಪಟ್ಟಿ ಕಟ್ಟುತ್ತಾ ಕೂತರೆ ಗಾಯ ಮಾಯುವುದಿಲ್ಲ.

ಡ್ರೆಸ್ಸಿಂಗ್ ಮಾಡುವುದರಲ್ಲಿ ಗುಟ್ಟೇನಿಲ್ಲ. ಸಲೈನಿನಲ್ಲಿ ತೊಳೆದು, ಗಾಯ ಒಣಗದ ಹಾಗೆ, ನೆನೆದು ಬೆಳ್ಳಗಾಗದ ಹಾಗೆ ಮುಚ್ಚುತ್ತೇನೆ. ನೊರೆ ಬರುವ ಪೆರಾಕ್ಸೈಡ್ ದಿನಾ ಸುರಿದರೆ ಹೊಸ ಮಾಂಸವೂ ಸುಡುತ್ತದೆ. ಅರಿಶಿನ, ಕಾಫಿಪುಡಿಯೂ ಬೇಡ.

ಕಷ್ಟ ಇರುವುದು ನಡಿಗೆಯಲ್ಲಿ. ಶುಗರಿನಿಂದ ಪಾದದ ನರ ಸತ್ತಿರುವುದರಿಂದ ನೋವು ಗೊತ್ತಾಗುವುದಿಲ್ಲ. ನೋವಿಲ್ಲದ ಮೇಲೆ ಮನುಷ್ಯ ಸುಮ್ಮನೆ ಕೂರುತ್ತಾನಾ? ಹಾಲು ತರೋಕೆ, ಗೇಟು ತೆಗೆಯೋಕೆ, ದೇವರಿಗೆ ಹೂ ಕೊಯ್ಯೋಕೆ ಅಂತ ಎದ್ದೇ ಏಳುತ್ತಾರೆ. "ಎಲ್ಲೂ ಓಡಾಡಿಲ್ಲ" ಅನ್ನುವವರ ಬ್ಯಾಂಡೇಜಿನ ತಳ ನೋಡಿದರೆ ಸಾಕು, ಮಣ್ಣು ಹೇಳಿಬಿಡುತ್ತದೆ. ನಾನು ಬೈಯುವುದಿಲ್ಲ. ಯಾಕೆ ಎದ್ದರು ಅಂತ ಕೇಳುತ್ತೇನೆ. ಜಾಸ್ತಿ ಸಲ ಕಾರಣ ಟಾಯ್ಲೆಟ್. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತು ಏಳುವಾಗ ಭಾರ ಪಾದದ ಮುಂಭಾಗಕ್ಕೇ ಬೀಳುತ್ತದೆ, ಹೊಲಿಗೆ ಇರುವುದೂ ಅಲ್ಲೇ. ಅದಕ್ಕೆ ದುಬಾರಿ ಮುಲಾಮಿಗಿಂತ ಮೊದಲು ಒಂದು ಕಮೋಡ್ ಕುರ್ಚಿ, ಒಂದು ವಾಕರ್ ತರಿಸುತ್ತೇನೆ. ಹಿಮ್ಮಡಿ ಮೇಲೆ ಮಾತ್ರ ಭಾರ ಹೊರುವ ಚಪ್ಪಲಿಯೂ ಸಿಗುತ್ತದೆ. ಆದರೆ ಅದರಲ್ಲಿ ವಯಸ್ಸಾದವರು ಜೋಲಿ ಹೊಡೆದು ಬೀಳಬಹುದು, ಜೊತೆಗೆ ಯಾರಾದರೂ ಇರಲಿ.

ಶುಗರ್ ಇಳಿಸಬೇಕು ಅಂತ ಕೆಲವರು ಊಟವನ್ನೇ ಬಿಡುತ್ತಾರೆ. ಬೇಡ. ಮಾಂಸ ತುಂಬಲು ಮೊಟ್ಟೆ, ಕಾಳು, ಮೊಸರು ಬೇಕೇ ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ಅಂತ ಡಾಕ್ಟರನ್ನು ಕೇಳಲಿ.

ಪ್ರತಿ ವಾರ ಸ್ಕೇಲ್ ಇಟ್ಟು ಗಾಯ ಅಳೆದು ಬರೆದಿಡುತ್ತೇನೆ. 4 ವಾರದಲ್ಲಿ ಅರ್ಧದಷ್ಟಾದರೂ ಕಿರಿದಾಗದಿದ್ದರೆ, ಇಲ್ಲವೇ ಗಾಯದ ಆಳ ನೋಡುವ ಕಡ್ಡಿಗೆ ತಳದಲ್ಲಿ ಎಲುಬು ತಾಗಿದರೆ, ಎಲುಬಿಗೆ ಸೋಂಕು ತಗುಲಿದೆಯಾ ನೋಡಲು ಎಕ್ಸ್‌ರೇಗೆ ವಾಪಸ್ ಕಳಿಸುತ್ತೇನೆ. ಕೆಂಪು ಮೇಲೇರಿದರೆ, ಚಳಿಜ್ವರ, ದುರ್ವಾಸನೆ ಬಂದರೆ ವಾರ ಕಾಯುವುದಲ್ಲ, ಅವತ್ತೇ ಹೋಗಬೇಕು.

ಗಾಯ ಮುಚ್ಚಿದ ಮೇಲೂ ಡ್ರೆಸ್ಸಿಂಗ್ ರೂಮಿಗೆ ಬರಲು ಹೇಳುತ್ತೇನೆ. ಹೆಬ್ಬೆರಳು ಹೋದರೆ ಅದರ ಭಾರ ಪಕ್ಕದ ಬೆರಳಿನ ಬುಡಕ್ಕೆ ಬಂದು ಅಲ್ಲಿ ಜಡ್ಡು ಕಟ್ಟುತ್ತದೆ, ಅದರಡಿಯಲ್ಲೇ ಇನ್ನೊಂದು ಗಾಯ ಶುರುವಾಗುತ್ತದೆ. ಅಷ್ಟರೊಳಗೆ ಅಳತೆ ಕೊಟ್ಟು, ಖಾಲಿ ಜಾಗಕ್ಕೆ ಮೆತ್ತೆ ಇಟ್ಟ ಎಂಸಿಆರ್ (ಮೆತ್ತಗಿನ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ ಮಾಡಿಸಿಕೊಳ್ಳಬೇಕು. ಮನೆಯೊಳಗೂ ಅದನ್ನೇ ಹಾಕಿಕೊಳ್ಳಬೇಕು.