ಮಲಗಿದ ಬಾಟಲಿ ಎದ್ದು ಕುಳಿತರೆ ಮೀನು

ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳನ್ನು ಗುಜರಿಗೆ ಹಾಕಬೇಡಿ. ಮುಚ್ಚಳ ಗಟ್ಟಿ ಇರುವಂಥ ಹತ್ತು ಬಾಟಲಿ ಸಿಕ್ಕರೆ ಮೀಸೆ ಮೀನು ಹಿಡಿಯಲು ಒಂದು ರಾತ್ರಿಯ ಗಾಳಕ್ಕೆ ಬೇಕಾದ ಬೆಂಡು, ಅಂದರೆ ಕೊಕ್ಕೆಯ ದಾರವನ್ನು ನೀರಿನ ಮೇಲೆ ತೇಲಿಸಿ ಹಿಡಿಯುವ ತೇಲು, ತಯಾರಾದಂತೆ. ನಾನು ಚಿಕ್ಕವಳಿದ್ದಾಗ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಆಮೇಲೆ ಸವೆದ ಹವಾಯಿ ಚಪ್ಪಲಿ ಬಂತು. ಥರ್ಮಾಕೋಲನ್ನೂ ಕಟ್ಟಿ ನೋಡಿದ್ದೇನೆ. ಎರಡು ವಾರದಲ್ಲಿ ಪುಡಿಯಾಗಿ ದಡವೆಲ್ಲ ಬಿಳಿ ಕಾಳು ಚೆಲ್ಲಿದ ಹಾಗಾಯಿತು. ಆಮೇಲೆ ಅದನ್ನು ಮುಟ್ಟಲಿಲ್ಲ. ಬಾಟಲಿಯೇ ವಾಸಿ.

ನಮ್ಮದು ತುಂಗಭದ್ರಾ ಹಿನ್ನೀರಿನ ದಂಡೆಯ ಊರು. 1953ರಲ್ಲಿ ಅಣೆಕಟ್ಟೆ ಮುಗಿಯಿತು. ನಾನು ಕಣ್ಣು ಬಿಡುವ ಹೊತ್ತಿಗೆ ನೀರು ನಿಂತಾಗಿತ್ತು. ನಮ್ಮ ಯಜಮಾನರು ಹರಿಗೋಲಿನಲ್ಲಿ ಹುಟ್ಟು ಹಾಕುತ್ತಿದ್ದರು, ಬೆಂಡು ಬಿಡುವುದು, ಎಣಿಸುವುದು, ಎತ್ತುವುದು ನನ್ನ ಪಾಲು. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಮಾತಾಡುವ ಹಕ್ಕು ನನಗೂ ಇದೆ ಅಂದುಕೊಂಡಿದ್ದೇನೆ.

ಬೆಂಡು ಮಾಡುವುದು ಸುಲಭ. ಬಾಟಲಿಯ ಲೇಬಲ್ ಕಿತ್ತು, ಒಳಗೆ ಪೂರ್ತಿ ಒಣಗಿಸಿ, ಮುಚ್ಚಳ ಬಿಗಿದು, ಅದರ ಸುತ್ತ ಮೇಣದಬತ್ತಿಯ ಮೇಣ ಹನಿಸಿ. ದಾರವನ್ನು ಕತ್ತಿಗೇ ಕಟ್ಟಬೇಕು, ನಡುವಿಗೆ ಕಟ್ಟಬಾರದು. ಕತ್ತಿಗೆ ಕಟ್ಟಿದರೆ ಬಾಟಲಿ ನೀರಿನ ಮೇಲೆ ಹೆಚ್ಚು ಕಡಿಮೆ ಮಲಗಿಕೊಂಡಿರುತ್ತದೆ. ಮೀನು ಎಳೆದಾಗ ಕತ್ತು ಒಳಗೆ ಹೋಗಿ ತಳ ಮೇಲೆ ಬರುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ತಳಕ್ಕೆ ಕೆಂಪು ಪೇಂಟ್ ಬಳಿದು, ಬೈಕಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ಒಂದು ಚೂರು ಹಚ್ಚಿದರೆ ಬೆಳಗಿನ ಜಾವ ಟಾರ್ಚ್ ಬಿಟ್ಟಾಗ ಹೊಳೆಯುತ್ತದೆ. ದಾರ ಸುತ್ತಿಡಲು ಹಳೆಯ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಬಾಟಲಿಯ ಸೊಂಟಕ್ಕೆ ಹಾಕಿ. ಎಷ್ಟು ದಾರ ಬೇಕೋ ಅಷ್ಟು ಬಿಚ್ಚಿ, ಉಳಿದದ್ದನ್ನು ಆ ರಬ್ಬರಿನ ಕೆಳಗೆ ಸಿಕ್ಕಿಸಿ, ಕತ್ತಿನ ಹತ್ತಿರ ಒಂದು ಗಂಟು ಹಾಕಿದರೆ ಆಯಿತು.

ದಾರ ತೆಳ್ಳಗಿದ್ದರೆ ಮೀನಿಗೆ ಕಾಣುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ರಾತ್ರಿ ಹೊತ್ತು, ಕದಡಿದ ನೀರಿನಲ್ಲಿ, ಅದೆಲ್ಲ ಯಾರು ನೋಡುತ್ತಾರೆ? ಮೀಸೆ ಮೀನು ಕಣ್ಣಿಗಿಂತ ಮೀಸೆಯನ್ನು ಜಾಸ್ತಿ ನಂಬುತ್ತದೆ. ಅದಕ್ಕೆ ರುಚಿ ಗೊತ್ತಾಗುವುದು ಬರೀ ಬಾಯಲ್ಲಿ ಅಲ್ಲ, ಮೀಸೆಯಲ್ಲಿ, ಮೈಯ ಚರ್ಮದಲ್ಲೂ. ಆದ್ದರಿಂದ ಹುರಿ ಹಾಕಿದ ದಪ್ಪ ನೈಲಾನ್ ದಾರವನ್ನೇ ತಗೊಳ್ಳಿ. ತೆಳುವಾದದ್ದು ನಿಮ್ಮ ಬೆರಳನ್ನೇ ಮೊದಲು ಕುಯ್ಯುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸಬರು ಎರೆಗೆ, ಅಂದರೆ ಕೊಕ್ಕೆಗೆ ಚುಚ್ಚುವ ತಿನಿಸಿಗೆ, ತಲೆ ಕೆಡಿಸಿಕೊಳ್ಳುತ್ತಾರೆ, ದಾರದ ಉದ್ದಕ್ಕೆ ಕೆಡಿಸಿಕೊಳ್ಳುವುದಿಲ್ಲ. ಬರಿಗೈಲಿ ವಾಪಸ್ ಬರುವುದು ಅಲ್ಲೇ. ಮೀಸೆ ಮೀನಿನಲ್ಲಿ ಗಿರ್ಲು ಅನ್ನುವ ಜಾತಿ ತಳದ ಹತ್ತಿರ ಮೇಯುತ್ತದೆ. ಇನ್ನೊಂದು ಜಾತಿ ಬಾಳೆ ಮೀನು, ಅದು ಹಗಲು ತಳದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಸಣ್ಣ ಮೀನಿನ ಹಿಂದೆ ಮೇಲಕ್ಕೆ, ದಡದ ಕಡೆಗೆ ಬರುತ್ತದೆ. ಕೊಕ್ಕೆ ಕೆಸರಿನಲ್ಲಿ ಮಲಗಿದ್ದರೆ ಯಾವುದಕ್ಕೂ ಸಿಗುವುದಿಲ್ಲ, ಏಡಿ ಎರೆ ತಿಂದು ಹೋಗುತ್ತದೆ. ಮೊದಲು ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ. ತಳ ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಎಷ್ಟು ಮಾರು ಆಯಿತು ಎಣಿಸಿ. ಅದಕ್ಕಿಂತ ಒಂದು ಮೊಳ ಮೇಲೆ ಕೊಕ್ಕೆ ನಿಲ್ಲಬೇಕು. ಎರಡಾಳು ನೀರಿದ್ದರೆ ಧಾರಾಳ, ಅದಕ್ಕಿಂತ ಆಳಕ್ಕೆ ಹೋಗುವ ಆಸೆ ಬೇಡ.

ಈ ಅಳತೆ ನಿನ್ನೆಯದು ಇವತ್ತಿಗೆ ಆಗುವುದಿಲ್ಲ. ನಮ್ಮ ಹಿನ್ನೀರು ಕಾಲುವೆಗೆ ಬಿಟ್ಟ ಹಾಗೆಲ್ಲ ಇಳಿಯುತ್ತಿರುತ್ತದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಹೋಯಿತಲ್ಲ, ಆಗ ಹೊಸ ಗೇಟು ಕೂರಿಸಬೇಕು ಅಂತ 33 ಗೇಟಿನಿಂದಲೂ ನೀರು ಬಿಟ್ಟರು. ತುಂಬಿದ್ದ ನೀರು ನೋಡನೋಡುತ್ತಾ ಹಿಂದೆ ಸರಿಯಿತು. ಹಿಂದಿನ ವಾರ ಅಳೆದಿದ್ದ ದಾರವೆಲ್ಲ ತಳದಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಕೂತಿತ್ತು. ನನ್ನ ಮೊಮ್ಮಗ "ಅಜ್ಜಿ, ಮೀನೇ ಇಲ್ಲ" ಅಂದ. ಮೀನು ಇತ್ತು, ಅಳತೆ ಇರಲಿಲ್ಲ.

ಬೆಂಡಿನಲ್ಲಿ ಎರಡು ಥರ. ಬಿಟ್ಟ ಬೆಂಡು ಗಾಳಿಗೆ ತೇಲಿಕೊಂಡು ಹೋಗುತ್ತದೆ. ಕಟ್ಟಿದ ಬೆಂಡಿಗೆ ಕೆಳಗೆ ಅರ್ಧ ಇಟ್ಟಿಗೆ ಇರುತ್ತದೆ, ಅದಕ್ಕಿಂತ ಒಂದು ಮೊಳ ಮೇಲೆ ಕವಲು ದಾರದಲ್ಲಿ ಕೊಕ್ಕೆ. ಬಿಟ್ಟ ಬೆಂಡನ್ನು ಹಗಲು, ನೀವು ಹರಿಗೋಲಿನಲ್ಲೇ ಕೂತು ಕಾಯುವುದಾದರೆ ಮಾತ್ರ ಹಾಕಿ. ತೂಕಕ್ಕೆ ಸೀಸವೇ ಬೇಕು ಅಂತಿಲ್ಲ, ಮೆಕ್ಯಾನಿಕ್ ಅಂಗಡಿಯ ತುಕ್ಕು ಹಿಡಿದ ನಟ್ಟು ಸಾಕು. ಗಾಳಿ ಎಲ್ಲಿಂದ ಬರುತ್ತಿದೆಯೋ ಆ ಕಡೆಗೆ ಹೋಗಿ ಬಿಡಬೇಕು, ಆಗ ಅದು ತೇಲಿಕೊಂಡು ನಮ್ಮ ದಡಕ್ಕೇ ಬರುತ್ತದೆ. ರಾತ್ರಿ ಬಿಟ್ಟು ಮನೆಗೆ ಹೋಗುವುದಾದರೆ ಇಟ್ಟಿಗೆ ಕಟ್ಟಿಯೇ ಹೋಗಿ. ಇಲ್ಲದಿದ್ದರೆ ಬೆಳಿಗ್ಗೆ ನಿಮ್ಮ ಗಾಳ ಬೇರೆಯವರ ಬಲೆಯಲ್ಲಿ ಸಿಕ್ಕಿರುತ್ತದೆ. ಅವರು ಬಲೆ ಹರಿದದ್ದಕ್ಕೆ ಬೈಯುತ್ತಾರೆ, ಮೀನು ಅವರಿಗೇ. ಅದರಲ್ಲಿ ಅವರ ತಪ್ಪೂ ಇಲ್ಲ.

ಎಷ್ಟು ಬಿಟ್ಟಿರೋ ಅಷ್ಟು ಎಣಿಸಿ ತನ್ನಿ. ನಾನು ಬಾಟಲಿಗಳಿಗೆ ನಂಬರ್ ಬರೆದಿಡುತ್ತೇನೆ. ಒಂದು ಕಾಣದಿದ್ದರೂ ಹುಡುಕದೆ ಬರುವುದಿಲ್ಲ. ಬಿಟ್ಟು ಬಂದ ಕೊಕ್ಕೆ ಸುಮ್ನೆ ಇರುವುದಿಲ್ಲ, ನೀರುಕಾಗೆಗೋ ಆಮೆಗೋ ಸಿಕ್ಕಿ ಅವು ನರಳುತ್ತವೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಮೀಸಲು ಮಾಡಿದ್ದಾರೆ. ಅಲ್ಲಿ ಬೆಂಡು ಗಾಳ ಬೇಡವೇ ಬೇಡ. ಅಲ್ಲಿ ಮೊಸಳೆಯೂ ಇದೆ, ಅದು ಬೇರೆ ಮಾತು. ಹಿನ್ನೀರಿಗೂ ಸುಮ್ಮನೆ ಇಳಿಯುವಂತಿಲ್ಲ, ಪರವಾನಗಿ ತಗೊಂಡೇ ಇಳಿಯಬೇಕು. ಜೂನ್, ಜುಲೈನಲ್ಲಿ ನಾನಂತೂ ಕೊಕ್ಕೆಗಳನ್ನು ಕೊಬ್ಬರಿ ಎಣ್ಣೆ ಸವರಿ ಡಬ್ಬಿಗೆ ಹಾಕಿಬಿಡುತ್ತೇನೆ. ಹೊಸ ನೀರು ಬಂದಾಗ ಬಾಳೆ ಮೀನು ಮೊಟ್ಟೆ ಹೊತ್ತು ಹೊಳೆಯ ಮೇಲ್ಗಡೆಗೆ ಹತ್ತುತ್ತದೆ. ಅದು ಮೊದಲಿನ ಹಾಗೆ ಸಿಗುತ್ತಲೂ ಇಲ್ಲ. ಅಳಿವಿನ ಭಯ ಇರುವ ಮೀನುಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ. ಮೊಳಕ್ಕಿಂತ ಚಿಕ್ಕದು ಸಿಕ್ಕರೆ ಬಿಟ್ಟುಬಿಡಿ.

ಎರೆಗೆ ಕೋಳಿ ಅಂಗಡಿಯ ಕರುಳು ಸಾಕು. ಉಪ್ಪು ಸವರಿ ಒಂದು ಗಂಟೆ ಬಿಸಿಲಿಗೆ ಇಟ್ಟರೆ ಗಟ್ಟಿಯಾಗಿ ಕೊಕ್ಕೆಯಲ್ಲಿ ನಿಲ್ಲುತ್ತದೆ. ಕೋಳಿಯ ಈಲಿ, ಅಂದರೆ ಲಿವರ್, ಮೆತ್ತಗೆ, ಹೊಲಿಗೆ ದಾರದಲ್ಲಿ ಸುತ್ತಿ ಕಟ್ಟದಿದ್ದರೆ ಕಳಚಿಹೋಗುತ್ತದೆ. ಎರೆಹುಳುವನ್ನು ಸಣ್ಣ ಮೀನುಗಳೇ ಕಿತ್ತು ಮುಗಿಸುತ್ತವೆ. ಬಾಳೆಗೆ ಮಾತ್ರ ಪಕ್ಕೆ ಅನ್ನುವ ಸಣ್ಣ ಮೀನು ಬದುಕಿರುವುದೇ ಆಗಬೇಕು, ಬೆನ್ನಿನ ಚರ್ಮಕ್ಕೆ ಮಾತ್ರ ಚುಚ್ಚಿದರೆ ರಾತ್ರಿಯಿಡೀ ಆಡುತ್ತಿರುತ್ತದೆ. ಹಿಂದೆ ಕಪ್ಪೆ ಕಟ್ಟುತ್ತಿದ್ದರು. ಈಗ ದೊಡ್ಡ ಗೋಂಕರುಕಪ್ಪೆಗೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಅದರ ತಂಟೆಗೆ ಹೋಗಬೇಡಿ.

ಹರಿಗೋಲಿನಲ್ಲಿ ಇನ್ನೊಂದು ಜಾಗ್ರತೆ ಬೇಕು. ಬಿದಿರಿನ ಹಂದರಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಳಿದದ್ದಾದರೆ ಬಿಚ್ಚಿಟ್ಟ ಒಂದು ಕೊಕ್ಕೆ ಸಾಕು ತೂತು ಮಾಡಲು. ಕೊಕ್ಕೆಗಳನ್ನೆಲ್ಲ ಹಳೆಯ ಹವಾಯಿ ಚಪ್ಪಲಿಗೆ ಸಾಲಾಗಿ ಚುಚ್ಚಿಡಿ. ಇಬ್ಬರೂ ಒಂದೇ ಕಡೆ ಬಗ್ಗಬಾರದು. ಲೈಫ್ ಜಾಕೆಟ್ ಹಾಕಿಕೊಳ್ಳಿ, ಈಜು ಬಂದರೂ. ಬಾಟಲಿ ಎದ್ದು ಕುಳಿತದ್ದು ಕಂಡರೆ ಗಾಳಿಗೆ ಎದುರಾಗಿ ನಿಧಾನಕ್ಕೆ ಹೋಗಿ, ಆಗ ಹರಿಗೋಲು ದಾರದ ಮೇಲೆ ಹಾಯುವುದಿಲ್ಲ. ದಾರ ಹಿಡಿಯಿರಿ, ಆದರೆ ಕೈಗೆ ಸುತ್ತಿಕೊಳ್ಳಬೇಡಿ. ಮೀನು ಎಳೆದಾಗ ಬಿಡಿ, ನಿಂತಾಗ ಎಳೆಯಿರಿ. ಸುಸ್ತಾದ ಮೇಲೆ ಕೈಬಲೆ ಕೆಳಗೆ ಹಾಕಿ ಎತ್ತಿ, ಸೀದಾ ಒದ್ದೆ ಗೋಣಿಚೀಲಕ್ಕೆ ಹಾಕಿ.

ಕೈಯಿಂದ ಹಿಡಿಯುವ ಧೈರ್ಯ ಮಾತ್ರ ಬೇಡ. ಈ ಮೀನುಗಳ ಎದೆಯ ಎರಡೂ ಕಡೆ ಮುಳ್ಳಿರುತ್ತದೆ, ಹಲವಕ್ಕೆ ಬೆನ್ನ ಮೇಲೂ. ಗಾಬರಿಯಾದಾಗ ಅದನ್ನು ನೆಟ್ಟಗೆ ನಿಲ್ಲಿಸಿ ಬಿಗಿದುಬಿಡುತ್ತವೆ. ಚೇಳು ಮೀನಿನ ಮುಳ್ಳಿನಲ್ಲಿ ವಿಷವೇ ಇದೆ, ಹೆಸರೇ ಹೇಳುತ್ತದಲ್ಲ. ಒಮ್ಮೆ ನನ್ನ ಹೆಬ್ಬೆರಳಿನ ಬುಡಕ್ಕೆ ಚುಚ್ಚಿ ಮೊಣಕೈವರೆಗೆ ಉರಿ ಏರಿತ್ತು. ಯಾರೋ ಸುಣ್ಣ ಹಚ್ಚಿ ಅಂದರು, ಯಾರೋ ಐಸ್ ಇಡಿ ಅಂದರು. ಎರಡರಿಂದಲೂ ಏನೂ ಆಗಲಿಲ್ಲ. ಬಿಸಿ ನೀರು ಮಾಡಿ, ಚರ್ಮ ಸುಡದಷ್ಟು ಬಿಸಿಯಲ್ಲಿ ಕೈ ಮುಳುಗಿಸಿ ಕೂತೆ. ಉರಿ ಇಳಿಯಿತು. ಆ ವಿಷ ಶಾಖಕ್ಕೆ ಕೆಡುತ್ತದೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಇಡಬೇಕಾಗುತ್ತದೆ. ನೀರು ಎಷ್ಟು ಬಿಸಿ ಅಂತ ಇನ್ನೊಂದು ಕೈಯಲ್ಲಿ ನೋಡಿ, ಚುಚ್ಚಿದ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಟಿಟಿ ಇಂಜೆಕ್ಷನ್ ತಗೊಳ್ಳಿ, ಮುಳ್ಳಿನ ಚೂರು ಒಳಗೆ ಉಳಿದರೆ ಕೀವಾಗುತ್ತದೆ.

ಮನೆಗೆ ತಂದ ಮೇಲೆ ದೊಡ್ಡ ಕೆಲಸ ಲೋಳೆ ತೆಗೆಯುವುದು. ಹುರುಪೆ ಇಲ್ಲದ ಮೀನು ಅಂತ ಖುಷಿಪಡಬೇಡಿ, ಲೋಳೆ ಅದಕ್ಕಿಂತ ಕಾಟ. ಒಲೆ ಬೂದಿ ಇದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಕಲ್ಲುಪ್ಪು, ಹುಣಸೆ ಹಣ್ಣು ಹಾಕಿ ಉಜ್ಜಿ. ಮೊದಲು ಮುಳ್ಳನ್ನು ಕಟ್ಟಿಂಗ್ ಪ್ಲೇಯರಿನಿಂದ ಕತ್ತರಿಸಿ. ಕೆಸರು ವಾಸನೆ ಅಂತ ಮೂಗು ಮುರಿಯುವವರು ಹೊಟ್ಟೆಯ ಹಳದಿ ಕೊಬ್ಬು, ಪಕ್ಕೆಯ ಉದ್ದಕ್ಕೂ ಇರುವ ಕಪ್ಪು ಕೆಂಪು ಮಾಂಸ ಎರಡನ್ನೂ ತೆಗೆದುಬಿಡಿ. ವಾಸನೆ ಜಾಸ್ತಿ ಇರುವುದು ಅಲ್ಲೇ. ಅರಿಶಿನ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು ತೊಳೆಯಿರಿ.

ಸಾರಿಗೆ ಬೆಳ್ಳುಳ್ಳಿ, ಕೆಂಪು ಖಾರ, ಹುಣಸೆ ಹುಳಿ ಧಾರಾಳವಾಗಿರಲಿ, ಕೊಬ್ಬರಿ ಸ್ವಲ್ಪವೇ. ಮಸಾಲೆ ಕುದಿದ ಮೇಲೆ ಮೀನು ಹಾಕಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿ. ಬಾಳೆಯಲ್ಲಿ ಸಣ್ಣ ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದು. ರಾತ್ರಿ ಮಾಡಿದ್ದನ್ನು ಬೆಳಿಗ್ಗೆ ಬಿಸಿ ಮಾಡಿ ಜೋಳದ ಕಟಕ ರೊಟ್ಟಿ ಮುರಿದು ಅದ್ದಿಕೊಂಡರೆ ಹುಳಿ ಚೆನ್ನಾಗಿ ಹಿಡಿದಿರುತ್ತದೆ. ಬೆಂಡು ಎತ್ತಲು ಹೋಗುವ ಮೊದಲು ನಾವಿಬ್ಬರೂ ತಿನ್ನುತ್ತಿದ್ದದ್ದು ಅದನ್ನೇ.